ಅರಣ್ಯ ಹಾಗೂ ನೈಸರ್ಗಿಕ ಸಂಪನ್ಮೂಲ ಸಂರಕ್ಷಣೆಯ ಕಾಲೇಜು ವ್ಯಾಸಂಗ: ವಿದ್ಯಾರ್ಥಿಗಳಿಗೆ ಮಾಹಿತಿ

ಪೀಠಿಕೆ

ಅರಣ್ಯ, ವನ್ಯಜೀವಿ, ಮಣ್ಣು ಮತ್ತು ಜಲ ಸಂಪನ್ಮೂಲಗಳ ನಿರ್ವಹಣೆಯಲ್ಲಿ ಉದ್ಯೋಗ ಬಯಸುವ ವಿದ್ಯಾರ್ಥಿಗಳು ಪದವಿ ಪೂರ್ವ ಹಂತದಲ್ಲಿಯೇ ವಿಷಯಗಳನ್ನು ವಿಚಾರಪೂರ್ವಕವಾಗಿ ಆಯ್ದುಕೊಳ್ಳುವುದು ಅವಶ್ಯಕ. ಪದವಿಯ ಹೆಸರಿನಲ್ಲಿ ‘ಪರಿಸರ’ ಎಂಬ ಪದವಿದ್ದ ಮಾತ್ರಕ್ಕೆ ಅರಣ್ಯ ಸೇವೆಗೆ ಅರ್ಹತೆ ದೊರೆಯುವುದಿಲ್ಲ. ವಿಷಯಗಳ ಆಯ್ಕೆಯಲ್ಲಿ ಆಗುವ ಲೋಪವನ್ನು ಪದವಿಯ ನಂತರ ಸರಿಪಡಿಸುವುದು ಕಷ್ಟಸಾಧ್ಯವಾದುದರಿಂದ, ಪೋಷಕರು ಹಾಗೂ ವಿದ್ಯಾರ್ಥಿಗಳ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಬಿ.ಎಸ್ಸಿ. (ಆನರ್ಸ್) ಅರಣ್ಯಶಾಸ್ತ್ರ

ರಾಜ್ಯದಲ್ಲಿ ಉತ್ತರ ಕನ್ನಡ ಜಿಲ್ಲೆಯ ಶಿರಸಿ ಹಾಗೂ ಕೊಡಗು ಜಿಲ್ಲೆಯ ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯಗಳಿವೆ. ಶಿರಸಿಯ ಮಹಾವಿದ್ಯಾಲಯವು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದೆ. ವ್ಯಾಸಂಗದ ಅವಧಿ 4 ವರ್ಷ, ಅಂದರೆ 8 ಸೆಮಿಸ್ಟರ್.

ವನಸಂವರ್ಧನೆ, ಮರಗಳ ಅಳತೆ, ಮಣ್ಣು ವಿಜ್ಞಾನ, ಕೃಷಿ ಅರಣ್ಯ, ವನ್ಯಜೀವಿ ನಿರ್ವಹಣೆ, ಜಲಾನಯನ ಅಭಿವೃದ್ಧಿ, ಕಿರು ಅರಣ್ಯ ಉತ್ಪನ್ನ, ದೂರಸಂವೇದಿ ತಂತ್ರಜ್ಞಾನ ಮತ್ತು ಅರಣ್ಯ ಕಾನೂನುಗಳು ಮುಖ್ಯ ಬೋಧನಾ ವಿಷಯಗಳಾಗಿವೆ. ಕೊನೆಯ ವರ್ಷದಲ್ಲಿ ಕ್ಷೇತ್ರಾನುಭವಕ್ಕೆ ಪ್ರತ್ಯೇಕ ಅವಧಿ ಮೀಸಲಿರುತ್ತದೆ.

ಎರಡೂ ಮಹಾವಿದ್ಯಾಲಯಗಳ ಸುತ್ತಲಿನ ಪ್ರದೇಶವೇ ಪಾಠಶಾಲೆಯಂತಿದೆ. ಶಿರಸಿ ಭಾಗದ ಅಡಿಕೆ ತೋಟಗಳು ಸೊಪ್ಪಿನ ಬೆಟ್ಟಗಳನ್ನು ಅವಲಂಬಿಸಿವೆ. 1983ರಲ್ಲಿ ‘ಅಪ್ಪಿಕೋ’ ಚಳವಳಿ ಆರಂಭವಾದದ್ದೂ ಶಿರಸಿ ತಾಲ್ಲೂಕಿನಲ್ಲಿಯೇ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿದ್ದು, ಕಾಫಿ ತೋಟಗಳಿಗೆ ಆನೆಗಳು ಬರುವುದು ನಿತ್ಯದ ಸಮಸ್ಯೆಯಾಗಿದೆ. ಮರದ ಜೊತೆಗೆ ಮರವನ್ನು ನಂಬಿದ ಜನರ ಬದುಕನ್ನೂ ಅರಿಯುವುದು ಈ ವ್ಯಾಸಂಗದ ಉದ್ದೇಶವಾಗಿದೆ.

2. ಪ್ರವೇಶ

ಪ್ರವೇಶವು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ನಡೆಯುತ್ತದೆ. ದ್ವಿತೀಯ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರವನ್ನು ಅಭ್ಯಸಿಸಿರಬೇಕು. ಇವುಗಳೊಡನೆ ಗಣಿತವನ್ನೂ ಓದಿರುವುದು ಕ್ಷೇಮಕರ. ಜೀವಶಾಸ್ತ್ರವನ್ನು ಬಿಟ್ಟು ಗಣಕ ವಿಜ್ಞಾನ ಆಯ್ದುಕೊಂಡವರಿಗೆ ಈ ಪದವಿಯ ಮಾರ್ಗ ಮುಚ್ಚಿಹೋಗುವುದನ್ನು ಗಮನಿಸತಕ್ಕದ್ದು.

ಮೀಸಲಾತಿ ಬಯಸುವವರು ಈ ದಾಖಲೆಗಳನ್ನು ಮುಂಚಿತವಾಗಿ ಸಿದ್ಧಪಡಿಸಿಕೊಳ್ಳಬೇಕು:

(ಅ) ಜಾತಿ ಮತ್ತು ಆದಾಯ ಪ್ರಮಾಣಪತ್ರ.
(ಆ) ಗ್ರಾಮೀಣ ಮೀಸಲಾತಿಗೆ, 1ರಿಂದ 10ನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ವ್ಯಾಸಂಗ ಮಾಡಿದ ಪ್ರಮಾಣಪತ್ರ.
(ಇ) ಕನ್ನಡ ಮಾಧ್ಯಮ ಮೀಸಲಾತಿಗೆ, ಅದೇ ತರಗತಿಗಳ ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣಪತ್ರ.
(ಈ) ಕೃಷಿಕರ ಕೋಟಾಕ್ಕೆ, ನಿಗದಿತ ನಮೂನೆಯ ಪ್ರಮಾಣಪತ್ರ. ಈ ಕೋಟಾದ ಅಭ್ಯರ್ಥಿಗಳು ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆಗೂ ಹಾಜರಾಗಬೇಕು.

3. ಇತರ ಪದವೀಧರರಿಗೆ ಇರುವ ಅವಕಾಶ

ಅರಣ್ಯಶಾಸ್ತ್ರದಲ್ಲಿ ಸೀಟು ದೊರೆಯದವರು ನಿರಾಶರಾಗಬೇಕಿಲ್ಲ. ಕೇಂದ್ರ ಲೋಕಸೇವಾ ಆಯೋಗವು ನಡೆಸುವ ಭಾರತೀಯ ಅರಣ್ಯ ಸೇವಾ ಪರೀಕ್ಷೆಗೆ ಪಶುಸಂಗೋಪನೆ ಮತ್ತು ಪಶುವೈದ್ಯ ವಿಜ್ಞಾನ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಪ್ರಾಣಿಶಾಸ್ತ್ರ, ಇವುಗಳಲ್ಲಿ ಕನಿಷ್ಠ ಒಂದು ವಿಷಯವನ್ನು ಪದವಿಯಲ್ಲಿ ಓದಿರಬೇಕು. ಇಲ್ಲವೇ ಕೃಷಿ, ಅರಣ್ಯಶಾಸ್ತ್ರ ಅಥವಾ ಇಂಜಿನಿಯರಿಂಗ್ ಪದವಿ ಹೊಂದಿರಬೇಕು. ಈ ಪಟ್ಟಿಯಲ್ಲಿ ಪರಿಸರ ವಿಜ್ಞಾನವಿಲ್ಲ. ಆದ್ದರಿಂದ ಬಿ.ಎಸ್ಸಿ.ಯಲ್ಲಿ ಪರಿಸರ ವಿಜ್ಞಾನ ಓದಬಯಸುವವರು ಅದರೊಡನೆ ಸಸ್ಯಶಾಸ್ತ್ರ ಅಥವಾ ಪ್ರಾಣಿಶಾಸ್ತ್ರದಂತಹ ಒಂದು ವಿಷಯವನ್ನು ತಪ್ಪದೆ ಆಯ್ದುಕೊಳ್ಳುವುದು ಸೂಕ್ತ.

2013ರಿಂದ ಈ ಪರೀಕ್ಷೆಯ ಪೂರ್ವಭಾವಿ ಹಂತವನ್ನು ನಾಗರಿಕ ಸೇವೆಗಳ ಪೂರ್ವಭಾವಿ ಪರೀಕ್ಷೆಯೊಂದಿಗೆ ಸೇರಿಸಲಾಗಿದೆ. ಆಯ್ಕೆಯಾದವರಿಗೆ ನಡಿಗೆಯ ಪರೀಕ್ಷೆಯೂ ಇದ್ದು, 4 ಗಂಟೆಗಳಲ್ಲಿ ಪುರುಷರು 25 ಕಿ.ಮೀ., ಮಹಿಳೆಯರು 14 ಕಿ.ಮೀ. ಕ್ರಮಿಸಬೇಕು. ತರಬೇತಿಯು ಡೆಹ್ರಾಡೂನಿನ ಇಂದಿರಾ ಗಾಂಧಿ ರಾಷ್ಟ್ರೀಯ ಅರಣ್ಯ ಅಕಾಡೆಮಿಯಲ್ಲಿ ನಡೆಯುತ್ತದೆ.

ರಾಜ್ಯ ಅರಣ್ಯ ಇಲಾಖೆಯಲ್ಲಿ ವಲಯ ಅರಣ್ಯಾಧಿಕಾರಿ ಹುದ್ದೆಗಳ ನೇರ ನೇಮಕಾತಿಯಲ್ಲಿ ಒಂದು ಭಾಗವು ಅರಣ್ಯಶಾಸ್ತ್ರ ಪದವೀಧರರಿಗೆ ಮೀಸಲಿರುತ್ತದೆ. ಆಯಾ ಅಧಿಸೂಚನೆಯಲ್ಲಿನ ವಿದ್ಯಾರ್ಹತೆಯೇ ಅಂತಿಮವಾಗಿರುತ್ತದೆ.

4. ಉನ್ನತ ವ್ಯಾಸಂಗ

ವನ್ಯಜೀವಿ ಅಧ್ಯಯನಕ್ಕೆ 1982ರಲ್ಲಿ ಸ್ಥಾಪಿತವಾದ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅರಣ್ಯ ನಿರ್ವಹಣೆಗೆ ಭೋಪಾಲದ ಭಾರತೀಯ ಅರಣ್ಯ ನಿರ್ವಹಣಾ ಸಂಸ್ಥೆ ಹಾಗೂ ಮರ ವಿಜ್ಞಾನದ ಸಂಶೋಧನೆಗೆ ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಪ್ರಮುಖವಾದವು.

5. ಅಭ್ಯರ್ಥಿಗಳು ಅರಿತಿರಬೇಕಾದ ಅಂಶ

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ 1972 ಕಾಡನ್ನು ಕಾಯುವ ಹೊಣೆಯನ್ನು ವಿಧಿಸಿದರೆ, ಅರಣ್ಯ ಹಕ್ಕುಗಳ ಅಧಿನಿಯಮ 2006 ಕಾಡಿನಲ್ಲಿ ನೆಲೆಸಿದವರ ಹಕ್ಕನ್ನು ಮಾನ್ಯ ಮಾಡುತ್ತದೆ. ಇವೆರಡನ್ನೂ ಸಮತೂಕದಿಂದ ಜಾರಿಗೊಳಿಸುವುದು ಕ್ಷೇತ್ರ ಸಿಬ್ಬಂದಿಯ ದೈನಂದಿನ ಕರ್ತವ್ಯ. ದೂರದ ಠಾಣೆಗಳಲ್ಲಿ ವಾಸ, ಬೇಸಿಗೆಯ ಕಾಡ್ಗಿಚ್ಚು, ರಾತ್ರಿ ಗಸ್ತು ಮತ್ತು ಗ್ರಾಮಸ್ಥರೊಡನೆ ತಾಳ್ಮೆಯ ಮಾತುಕತೆ ಈ ವೃತ್ತಿಯ ಭಾಗವಾಗಿವೆ. ಇವುಗಳಿಗೆ ಮನಸ್ಸು ಒಪ್ಪಿದವರು ಈ ವ್ಯಾಸಂಗವನ್ನು ಆಯ್ದುಕೊಳ್ಳುವುದು ಉಚಿತ.

ಸೂಚನೆ: ಸೀಟುಗಳ ಸಂಖ್ಯೆ, ಶುಲ್ಕ ಹಾಗೂ ಕೊನೆಯ ದಿನಾಂಕಗಳು ಪ್ರತಿ ವರ್ಷ ಬದಲಾಗುವುದರಿಂದ, ಅರ್ಜಿ ಸಲ್ಲಿಸುವ ಮುನ್ನ ಆ ಸಾಲಿನ ಮಾಹಿತಿ ಪುಸ್ತಕವನ್ನು ಕಡ್ಡಾಯವಾಗಿ ಓದಿಕೊಳ್ಳತಕ್ಕದ್ದು.