ಸಮ್ಮೇಳನದಲ್ಲಿ ಮೊದಲ ಸಲ ಮಾತನಾಡುತ್ತಿದ್ದೀರಾ ಮೇಷ್ಟ್ರೇ, ಮೇಡಂ? ಫಾರ್ವರ್ಡ್‌ಗಳಲ್ಲಿ ಬರುವ ಸಲಹೆಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು?

"ಜನ ಸಾವಿಗಿಂತ ಹೆಚ್ಚು ಹೆದರುವುದು ವೇದಿಕೆಗೆ." "ಮಾತಿನ ಪರಿಣಾಮದಲ್ಲಿ ಪದಗಳ ಪಾಲು ಶೇ. 7 ಮಾತ್ರ, ಉಳಿದದ್ದೆಲ್ಲ ಹಾವಭಾವ." "ಭಾಷಣಕ್ಕೆ ಒಂದು ಗಂಟೆ ಮೊದಲು ಈ ಮಾತ್ರೆ ನುಂಗಿದರೆ ಕೈ ನಡುಗುವುದಿಲ್ಲ." ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಇದ್ದವರಿಗೆಲ್ಲ ಇಂಥ ಸಂದೇಶಗಳ ಪರಿಚಯ ಇರುತ್ತದೆ. ಯಾರದೋ ಪ್ರಬಂಧ ಸಮ್ಮೇಳನಕ್ಕೆ ಆಯ್ಕೆಯಾಯಿತೆಂದರೆ ಸಾಕು, ಅಭಿನಂದನೆಯ ಹೂಗುಚ್ಛದ ಜೊತೆಗೇ ಇವೂ ಬಂದು ಬೀಳುತ್ತವೆ. ಇವುಗಳಲ್ಲಿ ಒಂದು ಅರ್ಧ ಸತ್ಯ, ಒಂದು ಪೂರ್ತಿ ತಪ್ಪು, ಇನ್ನೊಂದು ಕೆಲವರ ಜೀವಕ್ಕೇ ಅಪಾಯ.

ಉದಾಹರಣೆಗೆ, ಬೆಂಗಳೂರಿನ ಸಿದ್ದಾಪುರದ ಒಂದು ಶಾಲೆಯ ವಿಜ್ಞಾನ ಶಿಕ್ಷಕಿಯನ್ನು ಕಲ್ಪಿಸಿಕೊಳ್ಳೋಣ. ಸಿದ್ದಾಪುರ ಎಂದರೆ ಲಾಲ್‌ಬಾಗಿನ ಬೆನ್ನಿಗೆ ಅಂಟಿಕೊಂಡಿರುವ, ಜಯನಗರ ಒಂದನೇ ಬ್ಲಾಕಿನ ಪಕ್ಕದ ಬಡಾವಣೆ. ಗಿಡ ಬೇಕಾದವರು ಹುಡುಕಿಕೊಂಡು ಬರುವ ನರ್ಸರಿಗಳು ಅಲ್ಲಿವೆ. ನಮ್ಮ ಶಿಕ್ಷಕಿ ಏಳನೇ ತರಗತಿ ಮಕ್ಕಳಿಂದ ಒಂದು ಪ್ರಯೋಗ ಮಾಡಿಸಿದ್ದಾರೆ: ನರ್ಸರಿಯ ಕೊಕೊಪೀಟ್‌ನಲ್ಲಿ 40 ಮೆಂತ್ಯದ ಕಾಳು, ಶಾಲೆಯ ಅಂಗಳದ ಕೆಮ್ಮಣ್ಣಿನಲ್ಲಿ 40. ಯಾವುದು ಬೇಗ ಮೊಳೆಯುತ್ತದೆ, ಏಕೆ? ಇದನ್ನೇ ಅವರು ಐನೂರು ಜನ ಸೇರುವ ಸಮ್ಮೇಳನದಲ್ಲಿ 10 ನಿಮಿಷ ಹೇಳಬೇಕು. ತರಗತಿಯಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದವರಿಗೂ ಇಲ್ಲಿ ನಾಲಿಗೆ ಒಣಗುತ್ತದೆ.

ಸಾವಿಗಿಂತ ವೇದಿಕೆಯ ಭಯ ದೊಡ್ಡದೇ?

ಈ ಮಾತಿನ ಮೂಲ ಅಮೆರಿಕದಲ್ಲಿ 1973ರಲ್ಲಿ ನಡೆದ ಒಂದು ಸಮೀಕ್ಷೆ. ಸುಮಾರು 2,500 ಜನರಿಗೆ ಭಯಗಳ ಪಟ್ಟಿ ಕೊಟ್ಟು, ನಿಮಗೆ ಇರುವ ಭಯಗಳನ್ನೆಲ್ಲ ಆರಿಸಿ ಎಂದಿದ್ದರು. ಶೇ. 41 ಜನ "ಗುಂಪಿನ ಮುಂದೆ ಮಾತನಾಡುವುದು" ಎಂಬುದನ್ನು ಆರಿಸಿದರು, ಶೇ. 19 ಜನ ಸಾವನ್ನು. ಗಮನಿಸಿ, ಯಾವುದು ಹೆಚ್ಚು ಎಂದು ಯಾರೂ ಕೇಳಿರಲಿಲ್ಲ. 2012ರಲ್ಲಿ ಇಬ್ಬರು ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಗೆ ಎರಡೂ ಪ್ರಶ್ನೆಗಳನ್ನು ಹಾಕಿದರು. ಹೆಚ್ಚು ಜನರಲ್ಲಿ ಕಂಡ ಭಯ ವೇದಿಕೆಯದ್ದೇ. ಆದರೆ "ನಿಮ್ಮ ಅತಿ ದೊಡ್ಡ ಭಯ ಯಾವುದು" ಎಂದಾಗ ಮೊದಲ ಸ್ಥಾನಕ್ಕೆ ಬಂದದ್ದು ಸಾವು. ವೇದಿಕೆಯ ಭಯ ನೆಗಡಿಯ ಹಾಗೆ, ಬಹಳ ಜನಕ್ಕೆ ಬರುತ್ತದೆ. ಅದಕ್ಕಿಂತ ದೊಡ್ಡ ಪಟ್ಟ ಅದಕ್ಕೆ ಬೇಡ.

ಮೈಯಲ್ಲಿ ಆಗುವುದು ಇಷ್ಟು. ಎದುರಿನ ನೂರಾರು ಕಣ್ಣುಗಳನ್ನು ಮೆದುಳು ಅಪಾಯವೆಂದು ಓದುತ್ತದೆ, ಅಡ್ರಿನಲಿನ್ ಬಿಡುಗಡೆಯಾಗುತ್ತದೆ. ಎದೆ ಬಡಿತ ಏರುತ್ತದೆ, ಬೆರಳು ಸಣ್ಣಗೆ ನಡುಗುತ್ತದೆ, ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತದೆ. ಉಸಿರನ್ನು ಒಳಗೆಳೆಯುವಾಗ ಹೃದಯದ ಬಡಿತ ತುಸು ಹೆಚ್ಚುತ್ತದೆ, ಹೊರಬಿಡುವಾಗ ತಗ್ಗುತ್ತದೆ. ಹಾಗಾಗಿ "ಆಳವಾಗಿ ಉಸಿರೆಳೆದುಕೊಳ್ಳಿ" ಎಂಬ ಸಲಹೆಗಿಂತ "ನಿಧಾನವಾಗಿ, ಉದ್ದಕ್ಕೆ ಉಸಿರು ಬಿಡಿ" ಎಂಬುದು ಹೆಚ್ಚು ಉಪಯೋಗದ್ದು.

ಇನ್ನೊಂದು ಸಮಾಧಾನದ ಸಂಗತಿ ಇದೆ. ನಿಮ್ಮ ನಡುಕ ನಿಮಗೆ ಕಂಡಷ್ಟು ಸಭಿಕರಿಗೆ ಕಾಣುವುದಿಲ್ಲ. ಅಮೆರಿಕದ ಸವಿಟ್ಸ್‌ಕಿ ಮತ್ತು ಗಿಲೋವಿಚ್ 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕಾರರು ತಮ್ಮ ಗಾಬರಿ ಎದ್ದು ಕಾಣುತ್ತಿದೆ ಎಂದುಕೊಂಡಿದ್ದರು, ಕೇಳುಗರು ಅದಕ್ಕಿಂತ ಕಡಿಮೆ ಗಾಬರಿ ಕಂಡಿದ್ದರು. "ನಿಮ್ಮ ಆತಂಕ ಹೊರಗೆ ಅಷ್ಟು ಕಾಣುವುದಿಲ್ಲ" ಎಂದು ಮೊದಲೇ ತಿಳಿಸಿದ್ದ ಗುಂಪು ಉಳಿದವರಿಗಿಂತ ಚೆನ್ನಾಗಿ ಮಾತನಾಡಿತು. ಆದ್ದರಿಂದ "ನನಗೆ ಸ್ವಲ್ಪ ಭಯ, ತಪ್ಪಾದರೆ ಕ್ಷಮಿಸಿ" ಎಂದು ಶುರು ಮಾಡಬೇಡಿ. ಕಾಣದಿದ್ದದ್ದನ್ನು ನೀವೇ ತೋರಿಸಿಕೊಟ್ಟಂತಾಗುತ್ತದೆ.

ಶೇ. 7ರ ಕಥೆ

ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನೋವಿಜ್ಞಾನಿ 1967ರಲ್ಲಿ ಮಾಡಿದ ಎರಡು ಚಿಕ್ಕ ಅಧ್ಯಯನಗಳಿಂದ ಹುಟ್ಟಿದ ಅಂಕಿ ಇದು. ಒಂದೊಂದೇ ಪದವನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖಭಾವದ ಫೋಟೋ ತೋರಿಸಿ, ಹೇಳಿದವರಿಗೆ ನಮ್ಮ ಮೇಲೆ ಇಷ್ಟವಿದೆಯೋ ಇಲ್ಲವೋ ಎಂದು ಊಹಿಸಲು ಹೇಳಿದ್ದರು. ಮಾತು ಒಂದು, ಮುಖ ಇನ್ನೊಂದು ಹೇಳಿದಾಗ ಜನ ಮುಖವನ್ನು ನಂಬುತ್ತಾರೆ ಎಂಬುದು ಅದರ ಸಾರ. ಈ ಸೂತ್ರ ಎಲ್ಲ ಮಾತಿಗೂ ಅನ್ವಯಿಸುವುದಿಲ್ಲ ಎಂದು ಮೆಹ್ರಾಬಿಯನ್ ಅವರೇ ಹೇಳಿದ್ದಾರೆ. ಸುಮ್ಮನೆ ಯೋಚಿಸಿ: ಪದಗಳ ಪಾಲು ಶೇ. 7 ಆಗಿದ್ದರೆ ಭಾಷೆ ಗೊತ್ತಿಲ್ಲದ ಸಿನಿಮಾ ನಮಗೆ ಶೇ. 93 ಅರ್ಥವಾಗಬೇಕಿತ್ತು. ಕೊಕೊಪೀಟ್ ನೀರನ್ನು ಹೇಗೆ ಹಿಡಿದಿಡುತ್ತದೆ ಎಂಬುದನ್ನು ಕೈ ಬೀಸಿ ಹೇಳಲಾಗದು. ಕನ್ನಡಿ ಮುಂದೆ ಕೈ ಆಡಿಸುವ ಅಭ್ಯಾಸಕ್ಕೆ ಇಟ್ಟ ಸಮಯವನ್ನು ಏನು ಹೇಳಬೇಕು ಎಂಬುದಕ್ಕೆ ಕೊಡಿ.

ಆ ಮಾತ್ರೆ ಬೇಡ

ಫಾರ್ವರ್ಡ್‌ನಲ್ಲಿ ಬರುವ ಮಾತ್ರೆ ಸಾಮಾನ್ಯವಾಗಿ ಪ್ರೊಪ್ರನೊಲಾಲ್. ಅಡ್ರಿನಲಿನ್‌ನ ಕೆಲಸವನ್ನು ತಡೆದು ಎದೆಬಡಿತ, ನಡುಕ ತಗ್ಗಿಸುವ ಔಷಧ. ಕೆಲಸ ಮಾಡುತ್ತದೆ ಎಂಬುದು ಸುಳ್ಳಲ್ಲ, ಕೆಲವರಿಗೆ ವೈದ್ಯರು ಬರೆದುಕೊಡುವುದೂ ಉಂಟು. ಆದರೆ ಆಸ್ತಮಾ ಇರುವವರಿಗೆ ಇದು ಶ್ವಾಸನಾಳವನ್ನು ಬಿಗಿಗೊಳಿಸಿ ಜೀವಕ್ಕೆ ಅಪಾಯ ತರಬಹುದು. ಬಿಪಿ ಕಡಿಮೆ ಇರುವವರು, ನಾಡಿ ಬಡಿತ ನಿಧಾನ ಇರುವವರು ತಲೆಸುತ್ತಿ ಬೀಳಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಇಳಿದಾಗ ಎಚ್ಚರಿಸುವ ನಡುಕ, ಎದೆಬಡಿತಗಳನ್ನೇ ಇದು ಮರೆಮಾಡುತ್ತದೆ. ಸಹೋದ್ಯೋಗಿಯ ಪರ್ಸಿನಿಂದ ಒಂದು ಮಾತ್ರೆ ಇಸಿದುಕೊಂಡು ನುಂಗುವ ವಸ್ತು ಇದಲ್ಲ. ವೈದ್ಯರ ಚೀಟಿ ಇಲ್ಲದೆ ಮೆಡಿಕಲ್ ಶಾಪಿನವರು ಇದನ್ನು ಮಾರುವಂತೆಯೂ ಇಲ್ಲ.

ಗಂಟಲಿಗೆ ಕಲ್ಲುಸಕ್ಕರೆ, ಕಾಳುಮೆಣಸು, ಜೇನು

ನುಂಗಿದ ಯಾವುದೂ ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ಮುಟ್ಟಿದರೆ ನೆತ್ತಿಗೆ ಹತ್ತಿ ಕೆಮ್ಮು ಬರುತ್ತದೆ. ಆಹಾರ, ನೀರು ಹೋಗುವುದು ಅನ್ನನಾಳಕ್ಕೆ, ಧ್ವನಿಪೆಟ್ಟಿಗೆ ಇರುವುದು ಶ್ವಾಸನಾಳದ ತುದಿಯಲ್ಲಿ. ಕಲ್ಲುಸಕ್ಕರೆ ಚೀಪಿದರೆ ಜೊಲ್ಲು ಬಂದು ಬಾಯಿ ಒಣಗುವುದು ತಪ್ಪುತ್ತದೆ, ಅಷ್ಟು ಲಾಭ ಇದೆ. ಉಪ್ಪುನೀರಿನ ಗಳಗಳವೂ ಧ್ವನಿಪೆಟ್ಟಿಗೆಯವರೆಗೆ ಇಳಿಯುವುದಿಲ್ಲ. ನೀರು ಕುಡಿದರೆ ರಕ್ತದ ಮೂಲಕ ಒಳಗಿನ ಪದರಕ್ಕೆ ತೇವ ಸಿಗುತ್ತದೆ. ಅದಕ್ಕೆ ಸಮಯ ಬೇಕು, ಆದ್ದರಿಂದ ಹಿಂದಿನ ದಿನದಿಂದಲೇ ಕುಡಿಯುತ್ತಿರಿ.

ಶಿಕ್ಷಕರಿಗೆ ಇದು ಸಣ್ಣ ವಿಷಯವಲ್ಲ. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯಲ್ಲಿ, ಜೀವನದಲ್ಲಿ ಒಮ್ಮೆಯಾದರೂ ಧ್ವನಿಯ ತೊಂದರೆ ಅನುಭವಿಸಿದ್ದಾಗಿ ಶೇ. 57ಕ್ಕಿಂತ ಹೆಚ್ಚು ಶಿಕ್ಷಕರು ಹೇಳಿದ್ದರು. ಬೇರೆ ಕೆಲಸದವರಲ್ಲಿ ಅದು ಶೇ. 29ರ ಆಸುಪಾಸು. ನಮ್ಮ ತರಗತಿಗಳ ಗದ್ದಲ ನೆನೆದರೆ ಇಲ್ಲಿ ಕಡಿಮೆ ಇರಲಾರದು ಎಂಬುದು ನಮ್ಮ ಊಹೆ. ಸಮ್ಮೇಳನದಲ್ಲಿ ಮೈಕ್ ಇರುತ್ತದೆ. ಕೊನೆ ಬೆಂಚಿಗೆ ಕೇಳಿಸುವ ತರಗತಿಯ ದನಿಯನ್ನು ಅಲ್ಲಿ ಬಿಡಬೇಕು. ಬಾಯಿಯಿಂದ ನಾಲ್ಕೈದು ಬೆರಳು ದೂರ ಮೈಕ್ ಹಿಡಿದು, ಪಕ್ಕದವರ ಜೊತೆ ಮಾತನಾಡುವ ದನಿಯಲ್ಲಿ ಹೇಳಿ. ಪರದೆಯ ಕಡೆ ತಿರುಗಿ ಮಾತನಾಡಿದರೆ ಸ್ಟ್ಯಾಂಡಿನ ಮೈಕ್ ನಿಮ್ಮ ಬೆನ್ನನ್ನು ಮಾತ್ರ ಕೇಳಿಸಿಕೊಳ್ಳುತ್ತದೆ. ಗಂಟಲು ಕಟ್ಟಿದ್ದರೆ ಪಿಸುಮಾತೂ ಬೇಡ, ಹಿಂದಿನ ಸಂಜೆ ಸುಮ್ಮನಿರಿ.

ಹತ್ತು ನಿಮಿಷ ಎಂದರೆ ಎಂಟು

ನಮ್ಮ ಕಡೆಯ ಒಂದು ರೂಢಿ: "ವೇದಿಕೆಯ ಮೇಲೆ ಆಸೀನರಾಗಿರುವ..." ಎಂದು ಆರಂಭಿಸಿ ಅಧ್ಯಕ್ಷರಿಂದ ಸ್ವಯಂಸೇವಕರವರೆಗೆ ಹೆಸರಿಡಿದು ನಮಸ್ಕರಿಸುವುದು. ಹತ್ತು ನಿಮಿಷದಲ್ಲಿ ಒಂದೂವರೆ ನಿಮಿಷ ಅಲ್ಲೇ ಕರಗುತ್ತದೆ. "ಎಲ್ಲರಿಗೂ ನಮಸ್ಕಾರ" ಸಾಕು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅಧ್ಯಕ್ಷರು ಗಂಟೆ ಬಾರಿಸುವುದು ಸಮಯ ಮುಗಿಯುವ ಮೊದಲೇ, ಆದ್ದರಿಂದ ಎಂಟು ನಿಮಿಷಕ್ಕೆ ತಯಾರಾಗಿ. ಮನಸ್ಸಿನಲ್ಲಿ ಓದಿಕೊಂಡರೆ ಎಂಟು ನಿಮಿಷದ್ದು ಐದೇ ನಿಮಿಷಕ್ಕೆ ಮುಗಿದಂತೆ ಕಾಣುತ್ತದೆ. ನಿಂತುಕೊಂಡು, ಜೋರಾಗಿ, ಮೊಬೈಲ್‌ನಲ್ಲಿ ಸಮಯ ಇಟ್ಟುಕೊಂಡು ಮೂರು ಸಲ ಹೇಳಿ. ಇಡೀ ಭಾಷಣ ಬಾಯಿಪಾಠ ಬೇಡ, ಒಂದು ಸಾಲು ಮರೆತರೆ ಉಳಿದದ್ದೂ ಹೋಗುತ್ತದೆ. ಮೊದಲ ಎರಡು ವಾಕ್ಯ, ಕೊನೆಯ ಎರಡು ವಾಕ್ಯ ಮಾತ್ರ ನಾಲಿಗೆಯ ಮೇಲಿರಲಿ.

ನಮ್ಮ ಸಿದ್ದಾಪುರದ ಶಿಕ್ಷಕಿ ಶಿಕ್ಷಣದ ಮಹತ್ವ, ಆಯೋಗಗಳ ವರದಿ ಎಂದೆಲ್ಲ ಪೀಠಿಕೆ ಹಾಕದೆ, "80 ಮೆಂತ್ಯದ ಕಾಳು, ಎರಡು ತಟ್ಟೆ. ನನ್ನ ಮಕ್ಕಳು ಗೆಲ್ಲುತ್ತದೆ ಎಂದು ಹೇಳಿದ ತಟ್ಟೆ ಸೋತಿತು" ಎಂದು ಆರಂಭಿಸಿದರೆ ಸಭೆ ಮೊಬೈಲ್ ಕೆಳಗಿಡುತ್ತದೆ.

ಕನ್ನಡದ ಸ್ಲೈಡು, ಕಾಣದ ಅಕ್ಷರ

ಇದನ್ನು ಇಂಗ್ಲಿಷ್ ಸಲಹೆಗಳು ಯಾವುವೂ ಹೇಳುವುದಿಲ್ಲ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಮಾಡಿದ ಸ್ಲೈಡನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುವುದೇ ಕಾರಣ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಜೊತೆಗೆ ಪಿಡಿಎಫ್ ಪ್ರತಿಯೊಂದನ್ನು ಪೆನ್‌ಡ್ರೈವ್‌ನಲ್ಲೂ ನಿಮ್ಮ ಮೇಲ್‌ನಲ್ಲೂ ಇಟ್ಟುಕೊಳ್ಳಿ. ಒತ್ತಕ್ಷರಗಳು ಕೆಳಗಿಳಿಯುವುದರಿಂದ ಕನ್ನಡಕ್ಕೆ ಸಾಲಿನ ನಡುವೆ ಹೆಚ್ಚು ಜಾಗ, ದೊಡ್ಡ ಅಕ್ಷರ ಬೇಕು. ಲ್ಯಾಪ್‌ಟಾಪ್‌ನಿಂದ ಎಂಟು-ಹತ್ತು ಅಡಿ ಹಿಂದೆ ನಿಂತು ನೋಡಿ, ನಿಮಗೆ ಓದಲಾಗದ್ದು ಕೊನೆಯ ಸಾಲಿನವರಿಗೂ ಆಗದು.

ಸ್ಲೈಡಿನಲ್ಲಿರುವುದನ್ನೇ ಪೂರ್ತಿ ಓದಬೇಡಿ. ಕಣ್ಣು ಓದುವ ವೇಗ ಬೇರೆ, ಕಿವಿ ಕೇಳುವ ವೇಗ ಬೇರೆ. ಎರಡೂ ಒಂದೇ ಪಠ್ಯಕ್ಕೆ ಬಿದ್ದಾಗ ಕಲಿಕೆ ಕುಗ್ಗುತ್ತದೆ ಎಂಬುದನ್ನು ರಿಚರ್ಡ್ ಮೇಯರ್ ಮತ್ತು ಜೊತೆಗಾರರ ಪ್ರಯೋಗಗಳು ತೋರಿಸಿವೆ. ಕಷ್ಟದ ಪಾರಿಭಾಷಿಕ ಪದ ಒಂದೆರಡು ತೆರೆಯ ಮೇಲಿದ್ದರೆ ಮಾತ್ರ ಸಹಾಯವಾಗುತ್ತದೆ. ಮಕ್ಕಳ ಫೋಟೋ ಹಾಕುವುದಿದ್ದರೆ ಪೋಷಕರ ಒಪ್ಪಿಗೆ ಪಡೆಯಿರಿ. ಅವರ ಕೈ ಮತ್ತು ತಟ್ಟೆ ಕಾಣಿಸಿದರೆ ಸಾಲದೇ, ಮುಖ ಏಕೆ?

ಪ್ರಶ್ನೆ ಬಂದಾಗ

ಮೊದಲು ಪ್ರಶ್ನೆಯನ್ನು ಮೈಕಿನಲ್ಲಿ ನೀವೇ ಇನ್ನೊಮ್ಮೆ ಹೇಳಿ. ಹಿಂದಿನವರಿಗೆ ಕೇಳಿಸುತ್ತದೆ, ನಿಮಗೆ ಐದು ಸೆಕೆಂಡು ಸಿಗುತ್ತದೆ. "ಅದನ್ನು ನಾವು ಅಳೆದಿಲ್ಲ" ಎಂಬುದು ಗೌರವದ ಉತ್ತರ. ಹಿರಿಯರೊಬ್ಬರು ಎದ್ದು ಪ್ರಶ್ನೆಯ ಹೆಸರಿನಲ್ಲಿ ನಾಲ್ಕು ನಿಮಿಷ ಭಾಷಣ ಮಾಡುವುದು ಇದ್ದದ್ದೇ. "ನೋಟ್ ಮಾಡಿಕೊಳ್ಳುತ್ತೇನೆ ಸರ್" ಎಂದು ಮುಂದಿನವರ ಕಡೆ ನೋಡಿ.

ಮುಂಚೆ ಕೇಳುಗರಾಗಿ ಕೂತರೆ ಇದೆಲ್ಲ ಕಣ್ಣಾರೆ ಕಾಣುತ್ತದೆ. ಸಿದ್ದಾಪುರದಿಂದ ದೂರವಿಲ್ಲದ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಹುಟ್ಟುಹಾಕಿದ ಬೆಂಗಳೂರು ಸೈನ್ಸ್ ಫೋರಂ ಬುಧವಾರದ ಉಪನ್ಯಾಸಗಳಿಗೆ ಹೆಸರಾದದ್ದು. ಬನಶಂಕರಿ ಎರಡನೇ ಹಂತದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಕಚೇರಿ ಇದೆ. ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಮಾರ್ಗದರ್ಶಿ ಶಿಕ್ಷಕರಾಗಿ ಹೋದವರಿಗೆ ಈ ಗಂಟೆ, ತೀರ್ಪುಗಾರರು, ಪ್ರಶ್ನೆ ಎಲ್ಲ ಹೊಸತಲ್ಲ. ಈ ಸಲ ಮಕ್ಕಳ ಜಾಗದಲ್ಲಿ ತಾವು ನಿಲ್ಲಬೇಕು, ಅಷ್ಟೇ.

ನಿಮ್ಮ ಸ್ಲೈಡೇ ನಾಳೆಯ ಫಾರ್ವರ್ಡ್

ಈಗ ಸಭಿಕರು ಪ್ರತಿ ಸ್ಲೈಡಿಗೂ ಮೊಬೈಲ್ ಎತ್ತುತ್ತಾರೆ. ಒಂದು ಗಂಟೆಯೊಳಗೆ ಅದು ಹತ್ತು ಗುಂಪು ದಾಟಿರುತ್ತದೆ, ನಿಮ್ಮ ವಿವರಣೆ ಮಾತ್ರ ಅದರ ಜೊತೆ ಹೋಗುವುದಿಲ್ಲ. ಸಮ್ಮೇಳನದ ವೇದಿಕೆ ಎಂಬುದೇ ಒಂದು ಮುದ್ರೆ. 2015ರ ಜನವರಿಯಲ್ಲಿ ಮುಂಬೈನ 102ನೇ ಭಾರತೀಯ ವಿಜ್ಞಾನ ಕಾಂಗ್ರೆಸ್‌ನಲ್ಲಿ "ವೈಮಾನಿಕ ಶಾಸ್ತ್ರ"ವನ್ನು ಆಧರಿಸಿ ಪ್ರಾಚೀನ ವಿಮಾನಗಳ ಬಗ್ಗೆ ಪ್ರಬಂಧ ಮಂಡನೆಯಾಯಿತು. ಆ ಗ್ರಂಥ ನಮ್ಮ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹೇಳಿ ಬರೆಸಿದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಅದನ್ನು ಪರಿಶೀಲಿಸಿ, ಅದು ಪ್ರಾಚೀನವಲ್ಲ, ಅದರಲ್ಲಿನ ವಿಮಾನಗಳು ಹಾರಲಾರವು ಎಂದು 1974ರಲ್ಲೇ ಬರೆದಿದ್ದರು. ಆದರೂ "ವಿಜ್ಞಾನ ಕಾಂಗ್ರೆಸ್‌ನಲ್ಲೇ ಹೇಳಿದ್ದಾರೆ" ಎಂಬ ಒಂದು ಸಾಲು ಆ ಹಕ್ಕಿಗೆ ರೆಕ್ಕೆ ಕೊಟ್ಟಿತು.

ಆದ್ದರಿಂದ ಪ್ರತಿ ಅಂಕಿಯ ಕೆಳಗೆ ಎಲ್ಲಿ, ಯಾವಾಗ, ಎಷ್ಟರ ಮೇಲೆ ಎಂಬುದನ್ನು ಅದೇ ಸ್ಲೈಡಿನಲ್ಲಿ ಬರೆಯಿರಿ. "ಕೊಕೊಪೀಟ್‌ನಲ್ಲಿ ಬೇಗ ಮೊಳೆಯುತ್ತದೆ" ಎಂದಷ್ಟೇ ಇದ್ದರೆ ಮರುದಿನ ಅದು "ಕೆಮ್ಮಣ್ಣು ಬೇಡ, ವಿಜ್ಞಾನಿಗಳ ಎಚ್ಚರಿಕೆ" ಆಗಿ ನಿಮ್ಮದೇ ಮೊಬೈಲಿಗೆ ವಾಪಸು ಬರಬಹುದು. "40 ಮೆಂತ್ಯದ ಕಾಳು, ಒಂದು ಶಾಲೆ, ಒಂದೇ ಸಲ" ಎಂಬ ಸಾಲನ್ನು ಚಿತ್ರದ ಒಳಗೇ, ಕತ್ತರಿಸಲು ಬಾರದ ಜಾಗದಲ್ಲಿ ಇಡಿ.