ಬಾನಿನಿಂದ ಇಳಿದ ಪಾಠ

ಬಾನುಲಿಯ ಶಾಲಾ ಪಾಠಗಳನ್ನು ಕೇಳಿ ಬೆಳೆದವರು ನಿಮ್ಮಲ್ಲಿ ಹಲವರಿರಬಹುದು. ಮಾತಿನೊಡನೆ ಚಿತ್ರವನ್ನೂ ಕೂಡಿಸಿಕೊಂಡು, ಪಾಠವು ಆಕಾಶದಿಂದ ನೇರವಾಗಿ ಹಳ್ಳಿಯ ಶಾಲೆಗೆ ಇಳಿದುಬಂದ ಒಂದು ವರ್ಷದ ಇತಿಹಾಸವೂ ನಮ್ಮ ನಾಡಿಗುಂಟು. ಅದು 1975ರ ಮಾತು.

ಈ ಯೋಜನೆಯ ಬೀಜ ಬಿತ್ತಿದವರು ವಿಕ್ರಂ ಸಾರಾಭಾಯಿ. ಟೆಲಿವಿಷನ್ ಪಟ್ಟಣಗಳಿಂದ ಮೆಲ್ಲಗೆ ಹಬ್ಬಲೆಂದು ಕಾಯದೆ, ಹಿಂದುಳಿದ ಹಳ್ಳಿಗಳನ್ನೇ ಮೊದಲು ಮುಟ್ಟಬೇಕೆಂಬುದು ಅವರ ನಿಲುವು. 1969ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಡನೆ ಒಪ್ಪಂದವಾಯಿತು. ಫಲವನ್ನು ಕಾಣುವ ಭಾಗ್ಯ ಸಾರಾಭಾಯಿಯವರಿಗಿರಲಿಲ್ಲ. 1971ರಲ್ಲಿ ಅವರು ತೀರಿಕೊಂಡರು. ಪ್ರಸಾರಕ್ಕೆ ತಕ್ಕ ಸ್ವಂತ ಉಪಗ್ರಹ ಆಗ ನಮ್ಮಲ್ಲಿರಲಿಲ್ಲ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದ್ದ ಅಮೆರಿಕದ ಎ.ಟಿ.ಎಸ್.-6 ಉಪಗ್ರಹವನ್ನು ಎರವಲು ಪಡೆದು, 1975ರ ಆಗಸ್ಟ್ 1ರಂದು ಪ್ರಸಾರವನ್ನು ಆರಂಭಿಸಲಾಯಿತು.

ಆರು ರಾಜ್ಯಗಳ 2,400 ಹಳ್ಳಿಗಳನ್ನು ಇದಕ್ಕಾಗಿ ಆರಿಸಿದ್ದರು. ನಮ್ಮಲ್ಲಿ ಆಗಿನ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಈ ಅವಕಾಶ ದೊರೆಯಿತು. ಕೋಳಿಗೂಡಿಗೆ ಹೊದಿಸುವಂಥ ತಂತಿಬಲೆಯಿಂದ ಮಾಡಿದ, ಸುಮಾರು ಮೂರು ಮೀಟರ್ ಅಗಲದ ಏರಿಯಲ್ ಒಂದಿದ್ದರೆ ಸಾಕು. ನಡುವೆ ಸ್ಥಳೀಯ ಪ್ರಸಾರ ಕೇಂದ್ರದ ಹಂಗಿಲ್ಲದೆ ಕನ್ನಡದ ಪಾಠ ಶಾಲೆಗೆ ಮುಟ್ಟುತ್ತಿತ್ತು. ಬೆಳಗಿನ ಹೊತ್ತು ಹಿಂದಿ, ಕನ್ನಡ, ತೆಲುಗು, ಒಡಿಯಾ ಭಾಷೆಗಳಲ್ಲಿ ಮಕ್ಕಳಿಗೆ ಪಾಠ. ಸಂಜೆ ಹಿರಿಯರಿಗೆ ಬೇಸಾಯ, ಆರೋಗ್ಯಗಳ ವಿಚಾರ.

ಆದರೆ ಟೆಲಿವಿಷನ್ನಿಗೆ ಬಾಯಿಯುಂಟು, ಕಿವಿಯಿಲ್ಲ. ನೋಡುತ್ತ ಕುಳಿತ ಮಗು "ಅದು ಹಾಗೇಕೆ?" ಎಂದು ಕೇಳಿದರೆ ಉತ್ತರ ಹೇಳಬೇಕಾದವರು ಊರಿನ ಮೇಷ್ಟರೇ. ಯೋಜಕರು ಇದನ್ನು ಮರೆಯಲಿಲ್ಲ. ಅದೇ ಉಪಗ್ರಹದ ನೆರವಿನಿಂದ ಪ್ರಾಥಮಿಕ ಶಾಲೆಗಳ ಸುಮಾರು 50,000 ಉಪಾಧ್ಯಾಯರಿಗೆ ವಿಜ್ಞಾನ ಬೋಧನೆಯ ತರಬೇತಿ ಕೊಡಲಾಯಿತು.

ಎರವಲು ತಂದದ್ದನ್ನು ಹಿಂದಿರುಗಿಸಲೇಬೇಕಷ್ಟೆ. 1976ರ ಜುಲೈ 31ರಂದು ಪ್ರಯೋಗ ಮುಗಿಯಿತು. ಉಪಗ್ರಹ ನಮ್ಮ ಪಾಲಿಗೆ ಇಲ್ಲವಾಯಿತು. ಮುಂದೆ 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನ ಕೇಂದ್ರ ಬಂದಿತು. 2004ರಲ್ಲಿ ಶಿಕ್ಷಣಕ್ಕೆಂದೇ 'ಎಜುಸ್ಯಾಟ್' ಎಂಬ ನಮ್ಮದೇ ಉಪಗ್ರಹ ಮೇಲೇರಿತು. 2020ರಲ್ಲಿ ಸೋಂಕಿನ ಭಯದಿಂದ ಶಾಲೆಗಳು ಮುಚ್ಚಿದ್ದಾಗ ಚಂದನ ವಾಹಿನಿ ಮಕ್ಕಳ ಮನೆಗೇ ಪಾಠ ತಂದಿತು. ಆದರೆ ಆ ಮೊದಲ ಉಪಗ್ರಹ ಮರೆಯಾದ ಮರುದಿನವೂ ಶಾಲೆಯಲ್ಲಿ ಉಳಿದಿದ್ದವರು ತರಬೇತಿ ಪಡೆದ ಆ ಮೇಷ್ಟರು. ಅವರು ಕಲಿತದ್ದನ್ನು ಯಾರೂ ಹಿಂದಕ್ಕೆ ಪಡೆಯುವಂತಿರಲಿಲ್ಲ.

ನಿಮ್ಮ ಊರಿನ ಶಾಲೆಗೆ ಹೊಸ ಯಂತ್ರವೊಂದು ಬಂದಾಗ ಸಂತೋಷಪಡಿ. ಜೊತೆಗೆ ಎರಡು ಪ್ರಶ್ನೆಗಳನ್ನೂ ಕೇಳಿ: ಮಗುವಿನ "ಏಕೆ?"ಗೆ ಉತ್ತರ ಹೇಳುವವರು ಯಾರು? ಯಂತ್ರ ಕೆಟ್ಟು ಮೂಲೆಗೆ ಸೇರಿದ ದಿನ ಶಾಲೆಯಲ್ಲಿ ಉಳಿಯುವುದೇನು?