ಅಗ್ಗದ ಕಾಲ

ಹಿರಿಯರ ಬಾಯಲ್ಲಿ ‘ಅಗ್ಗದ ಕಾಲ’ ಎಂಬ ಮಾತನ್ನು ನಮ್ಮಲ್ಲಿ ಅನೇಕರು ಕೇಳಿದ್ದೇವೆ. ಅಕ್ಕಿ ಅಗ್ಗ, ಬೆಲ್ಲ ಅಗ್ಗ. ಕೈಯಲ್ಲಿ ರೂಪಾಯಿಯೊಂದಿದ್ದರೆ ಸಂತೆಯಿಂದ ಚೀಲ ತುಂಬಿ ತರಬಹುದಾಗಿತ್ತು. ಹೀಗೆ ಹೊಗಳಿಸಿಕೊಂಡ ಕಾಲಗಳಲ್ಲೊಂದು 1930ರ ದಶಕದ ಮೊದಲರ್ಧ. ಇತಿಹಾಸಕಾರರು ಅದನ್ನು ಆರ್ಥಿಕ ಮಹಾಮುಗ್ಗಟ್ಟು ಎನ್ನುತ್ತಾರೆ. ಒಂದೇ ಕಾಲಕ್ಕೆ ಈ ಎರಡು ಹೆಸರು ಹೇಗೆ ಬಂದವೆಂಬುದೇ ಇಂದಿನ ನನ್ನ ಮಾತಿನ ವಿಷಯ.

1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದದ್ದು ತಿಳಿದ ಕಥೆಯೇ. ಅಮೆರಿಕೆಯಲ್ಲಿ ಬ್ಯಾಂಕುಗಳು ಮುಳುಗಿದವು, ಕಾರ್ಖಾನೆಗಳು ಬಾಗಿಲು ಹಾಕಿದವು. ನಮ್ಮಲ್ಲಿಗೆ ಆ ವಿಪತ್ತು ಬಂದದ್ದು ಮುಖ್ಯವಾಗಿ ಬೆಳೆಯ ಬೆಲೆಯ ಮೂಲಕ. ಮೂರುನಾಲ್ಕು ವರ್ಷಗಳಲ್ಲಿ ಬೇಸಾಯದ ಉತ್ಪನ್ನಗಳ ಬೆಲೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಕಂದಾಯವಾದರೋ ರೂಪಾಯಿಯ ಲೆಕ್ಕದಲ್ಲಿ ಗೊತ್ತಾದದ್ದು. ಸಾಹುಕಾರನ ಸಾಲಪತ್ರವೂ ಹಾಗೆಯೇ. ಹತ್ತು ಚೀಲ ಮಾರಿ ತೀರಿಸುತ್ತಿದ್ದ ಬಾಕಿಗೆ ಈಗ ಇಪ್ಪತ್ತು ಚೀಲ ಬೇಕಾಯಿತು. ಮಳೆ ಕೈಕೊಟ್ಟಿರಲಿಲ್ಲ, ಹೊಲ ಬೆಳೆದಿತ್ತು. ಆದರೂ ಒಕ್ಕಲು ಮುಳುಗಿದ.

ಪಟ್ಟಣದ ಸಂಬಳದಾರನ ಪಾಡು ಬೇರೆ. 1931ರ ಕೊನೆಯಲ್ಲಿ ಸರ್ಕಾರ ತನ್ನ ನೌಕರರ ಸಂಬಳದಲ್ಲಿ ನೂರಕ್ಕೆ ಹತ್ತರಷ್ಟು ಕಡಿತ ಮಾಡಿತು, ನಿಜ. ಆದರೆ ಧಾನ್ಯದ ಬೆಲೆ ಅದಕ್ಕಿಂತ ಎಷ್ಟೋ ಹೆಚ್ಚು ಇಳಿದಿತ್ತು. ಕೆಲಸ ಉಳಿಸಿಕೊಂಡವನಿಗೆ ಅದು ಅಗ್ಗದ ಕಾಲ. ನೆನಪು ಬರೆದಿಟ್ಟವರು ಬಹುಮಟ್ಟಿಗೆ ಇಂಥವರೇ ಎಂಬುದನ್ನು ನಾವು ಮರೆಯಬಾರದು.

ಇನ್ನು ಚಿನ್ನದ ವಿಚಾರ. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಸುವರ್ಣಮಾನವನ್ನು ಕೈಬಿಟ್ಟಿತು. ಪೌಂಡಿಗೆ ಒಂದು ಷಿಲಿಂಗ್ ಆರು ಪೆನ್ಸಿನ ದರದಲ್ಲಿ ಕಟ್ಟಿಹಾಕಿದ್ದ ನಮ್ಮ ರೂಪಾಯಿಯೂ ಅದರೊಡನೆ ಇಳಿಯಿತು. ಚಿನ್ನದ ಬೆಲೆ ಏರಿತು. ತೊಲಕ್ಕೆ ಸುಮಾರು 21 ರೂಪಾಯಿಯಿದ್ದದ್ದು ಕೆಲವೇ ವರ್ಷಗಳಲ್ಲಿ 30 ದಾಟಿತು. ಮನೆಯಲ್ಲಿ ಬೆಲೆಯೇರಿದ ವಸ್ತು ಅದೊಂದೇ! ಬಳೆ, ಓಲೆ, ಸರಗಳು ಅಕ್ಕಸಾಲಿಗನ ತಕ್ಕಡಿಗೆ ಬಂದವು. ಕರಗಿ ಗಟ್ಟಿಯಾಗಿ ಮುಂಬಯಿಯ ಬಂದರಿನಿಂದ ಹಡಗೇರಿದವು. ಆ ದಶಕದಲ್ಲಿ ಹೀಗೆ ಹೋದ ಚಿನ್ನದ ಬೆಲೆ 300 ಕೋಟಿ ರೂಪಾಯಿಗೂ ಹೆಚ್ಚು. ಲಾಭಕ್ಕಾಗಿ ಮಾರಿದವರೂ ಇದ್ದರೆನ್ನಿ. ಆದರೆ ಒಕ್ಕಲಗಿತ್ತಿಯ ಕೊರಳಿನ ಒಡವೆಯನ್ನು ವ್ಯಾಪಾರದ ಸರಕೆಂದು ಎಣಿಸಿದ ಅಧಿಕಾರಿಗಳ ಲೆಕ್ಕಾಚಾರ ನನಗೆ ಇಂದಿಗೂ ಕ್ರೂರವಾಗಿಯೇ ತೋರುತ್ತದೆ.

ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಅಂಕೋಲಾ, ಸಿದ್ದಾಪುರಗಳಲ್ಲಿ ಆ ವರ್ಷಗಳಲ್ಲೇ ಕರನಿರಾಕರಣೆ ನಡೆಯಿತು. ರೈತರ ಜಮೀನು, ಆಸ್ತಿಗಳು ಜಪ್ತಿಯಾದವು. ಅದನ್ನು ದೇಶಭಕ್ತಿಯ ಅಧ್ಯಾಯವಾಗಿ ಓದುತ್ತೇವೆ, ಸರಿಯೇ. ಆದರೆ ಕಂದಾಯ ಕೊಡೆನೆಂದವರ ಹಿಂದೆ ಕುಸಿದ ಪೇಟೆಯೂ ಇತ್ತೆಂದು ಸೇರಿಸಿ ಓದಿದರೆ ಅವರ ಧೈರ್ಯವೇನೂ ಕಿರಿದಾಗದು.

ಮದರಾಸು ಪ್ರಾಂತ್ಯದ ರೈತರ ಸಾಲಪರಿಹಾರದ ಕಾಯಿದೆ ಬಂದದ್ದು 1938ರಲ್ಲಿ. ಆ ಪ್ರಾಂತ್ಯದಲ್ಲಿದ್ದ ದಕ್ಷಿಣ ಕನ್ನಡದ ಒಕ್ಕಲುಗಳ ಬಾಕಿ ಬಡ್ಡಿಯ ಹೊರೆಯನ್ನೂ ಅದು ಇಳಿಸಿತು. ಅಷ್ಟರಲ್ಲಿ ಮಾರಬೇಕಾದ ಒಡವೆಗಳೆಲ್ಲ ಮಾರಿಹೋಗಿದ್ದವು.